ಓದುಗರ ಪ್ರಶ್ನೆ, ನಮ್ಮ ಉತ್ತರ: ಹೋಲ್‌ಸ್ಟರ್ ಹೊರುವ ಬೆಲ್ಟ್ ಹೇಗಿರಬೇಕು?

ಪ್ರಶ್ನೆ: ನಾನು ಮೂಲತಃ ಬೆಳಗಾವಿ ಜಿಲ್ಲೆಯವನು. ಸೈನ್ಯದಿಂದ ನಿವೃತ್ತನಾದ ಮೇಲೆ ಪುಣೆಯ ಪಿಂಪ್ರಿಯಲ್ಲಿ ನೆಲೆಸಿ, ಖಾಸಗಿ ಭದ್ರತಾ ಕೆಲಸದಲ್ಲಿದ್ದೇನೆ. ಲೈಸೆನ್ಸ್ ಪಡೆದ, ಕಾನ್ಪುರದಲ್ಲಿ ತಯಾರಾದ ಪಾಯಿಂಟ್ 32 ರಿವಾಲ್ವರ್ ನನ್ನಲ್ಲಿದೆ. ಅದನ್ನು ಸೊಂಟದಲ್ಲಿ ಇಟ್ಟುಕೊಳ್ಳುವ ಒರೆ, ಅಂದರೆ ಹೋಲ್‌ಸ್ಟರ್, ಗಟ್ಟಿಯಾಗಿಯೇ ಇದೆ. ಆದರೂ ಅದು ಹೊರಕ್ಕೆ ವಾಲುತ್ತದೆ, ಪ್ಯಾಂಟು ಬಲಗಡೆ ಜಗ್ಗುತ್ತದೆ, ಸಂಜೆಯ ಹೊತ್ತಿಗೆ ಸೊಂಟ ಹಿಡಿದುಕೊಳ್ಳುತ್ತದೆ. ಬೇರೆ ಹೋಲ್‌ಸ್ಟರ್ ಕೊಳ್ಳಬೇಕೆ?
(ನಿವೃತ್ತ ಸೈನಿಕರು, ಪಿಂಪ್ರಿ)

ಉತ್ತರ: ಮಾನ್ಯರೇ, ಹೋಲ್‌ಸ್ಟರಿಗೆ ಕೈ ಹಾಕುವ ಮುನ್ನ ಬೆಲ್ಟನ್ನು ಬದಲಿಸಿ ನೋಡಿರಿ. ನೀವು ಬರೆದ ಮೂರೂ ತೊಂದರೆಗಳ ಮೂಲ ಬಹುಮಟ್ಟಿಗೆ ಒಂದೇ ಆಗಿದೆ. ಸೊಂಟದ ಸುತ್ತ ಹಂಚಿಹೋಗಬೇಕಾದ ಭಾರವು ಒಂದೇ ಕಡೆ ಬೀಳುತ್ತಿದೆ, ಅದನ್ನು ಹಂಚುವ ಬಿಗಿ ನಿಮ್ಮ ಬೆಲ್ಟಿಗೆ ಇಲ್ಲ. ಕಾನ್ಪುರದ ಆ ರಿವಾಲ್ವರ್ ಗುಂಡು ತುಂಬದಿದ್ದಾಗಲೇ ಸುಮಾರು 700 ಗ್ರಾಂ ತೂಗುತ್ತದೆ; ಆರು ಗುಂಡುಗಳೂ ತೊಗಲಿನ ಹೋಲ್‌ಸ್ಟರೂ ಸೇರಿದರೆ ತೂಕ ಒಂದು ಕಿಲೋ ಸಮೀಪಿಸುತ್ತದೆ. ಪ್ಯಾಂಟು ಜಾರದಿರಲೆಂದು ಮಾಡಿದ ಆಫೀಸ್ ಬೆಲ್ಟು ಇಷ್ಟು ಭಾರವನ್ನು ದಿನವಿಡೀ ಹೊರಲೆಂದು ಮಾಡಿದ್ದಲ್ಲ. ಅದರ ಮೇಲೆ, ಆಯುಧದ ಹಿಡಿಕೆಯು ಬೆಲ್ಟಿನ ಮಟ್ಟಕ್ಕಿಂತ ಮೇಲಿರುವುದರಿಂದ ಮೇಲ್ಭಾಗ ಸದಾ ಹೊರಕ್ಕೆ ಬಾಗಲು ಹವಣಿಸುತ್ತಿರುತ್ತದೆ, ಮೆತ್ತಗಿನ ಬೆಲ್ಟು ಆ ಸೆಳೆತಕ್ಕೆ ತಿರುಚಿಕೊಳ್ಳುತ್ತದೆ.

ಇದನ್ನು ಕೇವಲ ಸೊಂಟನೋವಿನ ಮಾತೆಂದು ತಿಳಿಯಬಾರದು. ವಾಲಿದ ಹೋಲ್‌ಸ್ಟರನ್ನು ಸರಿಪಡಿಸಲು ಕೈ ಮೇಲಿಂದ ಮೇಲೆ ಅತ್ತ ಹೋಗುತ್ತದೆ. ಜನರ ನಡುವೆ ಆಯುಧವನ್ನು ಹೀಗೆ ಮುಟ್ಟುತ್ತಿರುವುದು ಸುತ್ತಲಿನವರಿಗೆ ಭಯ, ಕಸಿಯಬೇಕೆನ್ನುವವನಿಗೆ ಸುಳಿವು. 2016ರ ಶಸ್ತ್ರಾಸ್ತ್ರ ನಿಯಮಗಳು ಸಾರ್ವಜನಿಕ ಸ್ಥಳದಲ್ಲಿ ಆಯುಧವು ಪೂರ್ತಿ ಮುಚ್ಚಿರಬೇಕು, ಹೊತ್ತವನ ಹತೋಟಿಯಲ್ಲಿರಬೇಕು ಎಂದು ಹೇಳುತ್ತವೆ. ಜೋತಾಡುವ ಹೋಲ್‌ಸ್ಟರಿನಿಂದ ಈ ಎರಡನೆಯ ಮಾತು ಸುಲಭವಾಗಿ ನಡೆಯುವುದಿಲ್ಲ.

ಸೈನ್ಯದಲ್ಲಿದ್ದ ನಿಮಗೆ ಸ್ಯಾಮ್ ಬ್ರೌನ್ ಬೆಲ್ಟಿನ ಪರಿಚಯ ಹೇಳಬೇಕಾಗಿಲ್ಲ. 1858ರ ಕಾಳಗದಲ್ಲಿ ಎಡಗೈ ಕಳೆದುಕೊಂಡ ಸ್ಯಾಮ್ಯುಯೆಲ್ ಬ್ರೌನ್ ಎಂಬ ಅಧಿಕಾರಿಗೆ, ಕತ್ತಿಯ ಒರೆಯನ್ನು ಹಿಡಿದು ನಿಲ್ಲಿಸುವ ಕೈಯೇ ಇಲ್ಲದಾದಾಗ, ಅಗಲವಾದ ಸೊಂಟಪಟ್ಟಿಗೆ ಹೆಗಲ ಮೇಲಿನಿಂದ ಬರುವ ಪಟ್ಟಿಯನ್ನು ಸೇರಿಸಬೇಕಾಯಿತು. ಒಂದೇ ಪಕ್ಕಕ್ಕೆ ತೂಗುವ ಭಾರವನ್ನು ಅಲ್ಲಾಡದಂತೆ ನಿಲ್ಲಿಸುವುದೇ ಅದರ ಉದ್ದೇಶವಾಗಿತ್ತು. ಸಾದಾ ಉಡುಪಿನಲ್ಲಿ ಹೆಗಲ ಪಟ್ಟಿ ಹಾಕಲಾಗದು. ಆದ್ದರಿಂದ ಆ ಕೆಲಸವನ್ನೂ ಸೊಂಟದ ಪಟ್ಟಿಯ ಬಿಗಿಯೇ ಮಾಡಬೇಕು.

ಬಿಗಿಯನ್ನು ಅಂಗಡಿಯಲ್ಲಿಯೇ ಪರೀಕ್ಷಿಸಬಹುದು. ಬೆಲ್ಟನ್ನು ಒಂದು ಗೇಣು ಅಂತರದಲ್ಲಿ ಎರಡೂ ಕೈಗಳಿಂದ ಹಿಡಿದು ಒದ್ದೆ ಬಟ್ಟೆ ಹಿಂಡುವಂತೆ ತಿರುಚಿರಿ. ಸಲೀಸಾಗಿ ತಿರುಚಿಕೊಂಡರೆ ಅದು ಹೋಲ್‌ಸ್ಟರಿಗೆ ಆಗಿಬರುವುದಿಲ್ಲ. ಬಳಿಕ ಮೇಲಿನ ಅಂಚನ್ನೂ ಕೆಳಗಿನ ಅಂಚನ್ನೂ ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಒತ್ತಿರಿ. ಅಗಲವು ನಡುವೆ ಮಡಚಿಕೊಂಡರೆ ಆಯುಧದ ಭಾರಕ್ಕೂ ಅದು ಹಾಗೆಯೇ ಮಡಚಿಕೊಳ್ಳುತ್ತದೆ. ಇದೇ ಬೆಲ್ಟು ಸೊಂಟದ ಸುತ್ತ ಮಾತ್ರ ಸುಲಭವಾಗಿ ಬಾಗಬೇಕು. ಎರಡು ಪದರ ತೊಗಲನ್ನು ಅಂಟಿಸಿ ಎರಡೂ ಅಂಚಿಗೆ ಹೊಲಿದ, ಒಟ್ಟು 4ರಿಂದ 5 ಮಿಲಿಮೀಟರ್ ದಪ್ಪದ ಬೆಲ್ಟು ಇದಕ್ಕೆ ತಕ್ಕದ್ದು. ಎರಡು ಪದರಗಳ ನಡುವೆ ತೆಳುವಾದ ಪ್ಲಾಸ್ಟಿಕ್ ಅಥವಾ ಉಕ್ಕಿನ ಪಟ್ಟಿ ಇಟ್ಟು ಹೊಲಿದವೂ ಸಿಗುತ್ತವೆ. ಅವು ತೊಗಲಿನಷ್ಟು ಬೇಗ ಸೋಲುವುದಿಲ್ಲ.

ಅಗಲದ ವಿಷಯದಲ್ಲಿ ಹೆಚ್ಚಿನವರು ಎಡವುತ್ತಾರೆ. ಹೋಲ್‌ಸ್ಟರಿನ ಹಿಂಬದಿಯಲ್ಲಿ ಬೆಲ್ಟು ತೂರುವ ಸೀಳುಗಳನ್ನು ಅಳತೆಪಟ್ಟಿಯಿಂದ ಅಳೆಯಿರಿ. ಸೀಳು ಒಂದೂಮುಕ್ಕಾಲು ಇಂಚು, ಬೆಲ್ಟು ಒಂದೂವರೆ ಇಂಚು ಆದರೆ, ಉಳಿದ ಕಾಲು ಇಂಚಿನಲ್ಲಿ ಹೋಲ್‌ಸ್ಟರ್ ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ. ಬೆಲ್ಟು ಎಷ್ಟು ಬೆಲೆಯದಾದರೂ ಈ ಆಟ ನಿಲ್ಲದು. ದಿನಬಳಕೆಗೆ ಒಂದೂವರೆ ಇಂಚು, ಅಂದರೆ 38 ಮಿಲಿಮೀಟರ್, ಸಾಕು ಎಂಬುದು ನನ್ನ ಅಭಿಪ್ರಾಯ. ಅದಕ್ಕಿಂತ ಅಗಲವಾದದ್ದು ಜೀನ್ಸಿಗೆ ಹೊಂದಿದರೂ ಹೊಲಿಸಿದ ಪ್ಯಾಂಟಿನ ಲೂಪುಗಳಲ್ಲಿ ತೂರುವುದು ಕಷ್ಟ. ನಿಮ್ಮ ಟೇಲರಿಗೆ ಹೇಳಿ ಹೋಲ್‌ಸ್ಟರ್ ಕೂರುವ ಜಾಗದ ಹಿಂದೆ ಮುಂದೆ ಒಂದೊಂದು ಹೆಚ್ಚಿನ ಲೂಪ್ ಹಾಕಿಸಿಕೊಳ್ಳಿ. ಖರ್ಚು ಅಲ್ಪ, ಆದರೆ ಹೋಲ್‌ಸ್ಟರ್ ಹಿಂದಕ್ಕೂ ಮುಂದಕ್ಕೂ ಜಾರುವುದು ಅಲ್ಲಿಗೇ ನಿಲ್ಲುತ್ತದೆ.

ಶೌಚಾಲಯದ ಮಾತನ್ನು ಯಾರೂ ಎತ್ತುವುದಿಲ್ಲ, ಆದರೆ ಅವಘಡಗಳಿಗೆ ಅದು ಸುಲಭದ ಜಾಗ. ಬಕಲ್ ಬಿಚ್ಚಿದ ಕ್ಷಣವೇ ಬೆಲ್ಟಿನ ಬಿಗಿ ಹೋಗಿ ಹೋಲ್‌ಸ್ಟರ್ ತಲೆಕೆಳಗಾಗುತ್ತದೆ. ಭಾರತೀಯ ಶೈಲಿಯ ಶೌಚಾಲಯದಲ್ಲಿ ಕುಳಿತಾಗಲಂತೂ ಆಯುಧ ಜಾರಿಬೀಳುವುದು ಸುಲಭ. ಅದಕ್ಕಾಗಿ ಆಯುಧ ಜಾರದಂತೆ ಮೇಲೆ ಗುಂಡಿ ಹಾಕುವ ಅಡ್ಡಪಟ್ಟಿಯಿರುವ ಹೋಲ್‌ಸ್ಟರನ್ನೇ ಬಳಸಿರಿ. ತೆಗೆದಿಡಲೇಬೇಕಾದರೆ ರಿವಾಲ್ವರನ್ನು ಹೊರತೆಗೆಯದೆ ಹೋಲ್‌ಸ್ಟರಿನ ಸಮೇತ ಬಿಚ್ಚಿ, ಕಣ್ಣಿಗೆ ಕಾಣುವಲ್ಲಿ ಇಡಿ. ಬಾಗಿಲ ಹಿಂದಿನ ಮೊಳೆಗೆ ಎಂದೂ ತೂಗುಹಾಕಬೇಡಿ. ಸ್ಕೂಟರಿನಲ್ಲಿ ಓಡಾಡುವವರಾದರೆ ಬೆನ್ನಹುರಿಯ ಮೇಲೆ, ನಡುಬೆನ್ನಿಗೆ ಹೋಲ್‌ಸ್ಟರ್ ಸಿಕ್ಕಿಸಲೂಬಾರದು. ಬಿದ್ದಾಗ ಆ ಗಟ್ಟಿ ಲೋಹದ ಮೇಲೆಯೇ ಬೆನ್ನು ಅಪ್ಪಳಿಸುತ್ತದೆ.

ಪ್ರಶ್ನೆ: ಘಾಟ್‌ಕೋಪರ್‌ನಲ್ಲಿ ಹೋಟೆಲ್ ನಡೆಸುತ್ತೇನೆ. ಲೈಸೆನ್ಸ್ ಇದೆ, ಪಿಸ್ತೂಲನ್ನು ಅಂಗಿಯ ಒಳಗೆ, ಪ್ಯಾಂಟಿನ ಒಳಮಗ್ಗುಲಲ್ಲಿ ಸಿಕ್ಕಿಸುತ್ತೇನೆ. ಧಾರಾವಿಯಲ್ಲಿ ಹೇಳಿ ಮಾಡಿಸಿದರೆ ಒಳ್ಳೆಯದೆನ್ನುತ್ತಾರೆ. ಏನೇನು ಹೇಳಬೇಕು, ಅಳತೆ ಹೇಗೆ ಕೊಡಬೇಕು?
(ಓದುಗರು, ಘಾಟ್‌ಕೋಪರ್)

ಉತ್ತರ: ಮಾಡಿಸುವುದೇ ಒಳ್ಳೆಯದು, ಏಕೆಂದರೆ ಸಿದ್ಧ ಬೆಲ್ಟಿನಲ್ಲಿ ಒಳಗೇನಿದೆ ಎಂಬುದು ಹೊರಗಿನಿಂದ ತಿಳಿಯುವುದಿಲ್ಲ. ಧಾರಾವಿಯ ತೊಗಲಿನ ಅಂಗಡಿಗಳಲ್ಲಿ ಎಮ್ಮೆ ತೊಗಲನ್ನು ಕೇಳಿ ಪಡೆಯಿರಿ. ಏಕೆಂದರೆ 2015ರಲ್ಲಿ ಜಾರಿಗೆ ಬಂದ ಕಾನೂನು ತಿದ್ದುಪಡಿಯಿಂದ ಮಹಾರಾಷ್ಟ್ರದಲ್ಲಿ ಎತ್ತು, ಹೋರಿಗಳ ವಧೆಗೂ ನಿಷೇಧ ಬಂದಿದೆ. ಎಮ್ಮೆಯ ತೊಗಲು ದಪ್ಪವಾಗಿರುವುದರಿಂದ ನಮ್ಮ ಕೆಲಸಕ್ಕೆ ಅನುಕೂಲವೇ. ಹೊಟ್ಟೆಯ ಭಾಗದ್ದು ಬೇಡ, ಅದು ಎಳೆದಂತೆ ಉದ್ದವಾಗುತ್ತದೆ. ಬೆನ್ನಿನ ಭಾಗದಿಂದ, ಬೆನ್ನೆಲುಬಿನ ಉದ್ದಕ್ಕೆ ಕೊಯ್ದ ಪಟ್ಟಿಯನ್ನೇ ಕೇಳಿರಿ. ಹದಮಾಡುವಲ್ಲಿಯೂ ವ್ಯತ್ಯಾಸವಿದೆ: ಕ್ರೋಮ್ ಹಾಕಿ ಹದಮಾಡಿದ ತೊಗಲು ಮೆತ್ತಗಿದ್ದು ಹಿಗ್ಗುತ್ತದೆ, ಮರದ ತೊಗಟೆ ಮತ್ತು ಅಳಲೆಕಾಯಿಯಲ್ಲಿ ಹದಮಾಡಿದ್ದು ಬಿಗಿಯಾಗಿರುತ್ತದೆ. ಕೊಲ್ಹಾಪುರಿ ಚಪ್ಪಲಿಗೆ ಬಳಸುವುದು ಈ ಎರಡನೆಯ ಬಗೆಯ ತೊಗಲನ್ನೇ. ನಮ್ಮ ಅಥಣಿ, ನಿಪ್ಪಾಣಿಯ ಕಸುಬುದಾರರಿಗೆ ಅದರ ಗುಣ ಚೆನ್ನಾಗಿ ಗೊತ್ತು. ಊರಿನ ಕಡೆ ಹೋಗುವವರಿದ್ದರೆ ಅಲ್ಲಿಯೂ ವಿಚಾರಿಸಬಹುದು.

ಕೊಯ್ದ ಅಂಚನ್ನು ಹತ್ತಿರದಿಂದ ನೋಡಿರಿ. ನಿಜವಾದ ತೊಗಲಿನಲ್ಲಿ ಮೇಲಿನಿಂದ ಕೆಳಗಿನವರೆಗೆ ಒತ್ತೊತ್ತಾದ ಎಳೆಗಳು ಕಾಣುತ್ತವೆ. ತೊಗಲಿನ ಪುಡಿಯನ್ನು ಅಂಟಿನಲ್ಲಿ ಕಲಸಿ ಹಾಳೆಯಾಗಿ ಮಾಡಿದ್ದಾದರೆ ಉಗುರಿನಿಂದ ಗೀರಿದಾಗ ಅಂಚು ಪುಡಿಯಾಗಿ ಉದುರುತ್ತದೆ. ಅಂಥದಕ್ಕೂ ‘ಲೆದರ್’ ಎಂದೇ ಮುದ್ರೆ ಹಾಕಿ ಮಾರುವುದುಂಟು, ಮೋಸಹೋಗಬೇಡಿ. ಬಕಲ್ ಹಿತ್ತಾಳೆಯದೋ ಸ್ಟೇನ್‌ಲೆಸ್ ಸ್ಟೀಲಿನದೋ ಆಗಿರಲಿ. ಎರಡೂ ಬಣ್ಣಕ್ಕೆ ತಿರುಗಿಸಿ ಹಾಕುವ ಬಕಲು ಬೇಡವೇ ಬೇಡ, ಆ ತಿರುಗುವ ಕೀಲೇ ಅದರ ದುರ್ಬಲ ಜಾಗ.

ಅಳತೆಗೆ ಪ್ಯಾಂಟಿನ ಚೀಟಿಯ ಮೇಲಿನ ಸಂಖ್ಯೆಯನ್ನು ಹೇಳಬಾರದು. ಈಗ ಕಟ್ಟುವ ಬೆಲ್ಟನ್ನು ಮೇಜಿನ ಮೇಲೆ ಚಾಚಿ, ಬಕಲಿನ ಬಳಿ ತೊಗಲು ಮಡಚುವಲ್ಲಿಂದ ನೀವು ಬಳಸುವ ತೂತಿನವರೆಗೆ ಅಳೆಯಿರಿ. ಪಿಸ್ತೂಲನ್ನು ಒಳಗೆ ಸಿಕ್ಕಿಸದೆ ತೆಗೆದ ಅಳತೆಯಾದರೆ ಸುಮಾರು ಎರಡು ಇಂಚು ಕೂಡಿಸಿರಿ. ಆ ಅಳತೆ ನಡುವಿನ ತೂತಿಗೆ ಬರುವಂತೆ, ಎರಡೂ ಬದಿಗೆ ಇನ್ನೆರಡೆರಡು ತೂತುಗಳಿರಲಿ. ತೂತುಗಳ ನಡುವೆ ಒಂದು ಇಂಚು ಬಿಡುವುದು ರೂಢಿ; ನೀವು ಮುಕ್ಕಾಲು ಇಂಚಿಗೆ ಹೊಡೆಸಿರಿ. ಊಟಕ್ಕೆ ಮೊದಲು ಸಡಿಲ, ಊಟದ ನಂತರ ಉಸಿರುಕಟ್ಟು ಎಂಬ ಕಷ್ಟ ಹೋಟೆಲಿನವರಿಗೆ ತಿಳಿಯದ್ದಲ್ಲ. ಬೆಲ್ಟನ್ನು ತರಲು ಹೋಗುವಾಗ ಖಾಲಿ ಹೋಲ್‌ಸ್ಟರನ್ನು ಮಾತ್ರ ಒಯ್ಯಿರಿ. ಆಯುಧವನ್ನು ಅಂಗಡಿಯಲ್ಲಿ ತೋರಿಸುವ ಅಗತ್ಯ ಎಳ್ಳಷ್ಟೂ ಇಲ್ಲ. ರಜೆಗೆ ಉಡುಪಿ ಕಡೆ ಹೊರಡುವಾಗ ಲೈಸೆನ್ಸಿನಲ್ಲಿ ಯಾವ ಪ್ರದೇಶ ಬರೆದಿದೆಯೆಂದು ನೋಡಿಕೊಳ್ಳಿ. ಮಹಾರಾಷ್ಟ್ರಕ್ಕೆ ಮಾತ್ರ ಕೊಟ್ಟದ್ದು ರಾಜ್ಯದ ಗಡಿ ದಾಟಿದ ಮೇಲೆ ನಡೆಯುವುದಿಲ್ಲ.

ಪ್ರಶ್ನೆ: ಮಡಗಾಂವ್‌ನಲ್ಲಿದ್ದೇವೆ. ಮಳೆಗಾಲದಲ್ಲಿ ನಮ್ಮ ಯಜಮಾನರ ಬೆಲ್ಟಿಗೂ ಹೋಲ್‌ಸ್ಟರಿಗೂ ಬೂಷ್ಟು ಹಿಡಿಯುತ್ತದೆ, ಬಕಲಿನ ಸುತ್ತ ಹಸಿರಾಗುತ್ತದೆ. ಎಣ್ಣೆ ಹಚ್ಚಬಹುದೆ?
(ಓದುಗರು, ಮಡಗಾಂವ್)

ಉತ್ತರ: ಎಣ್ಣೆ ಬೇಡ ತಾಯಿ. ತೊಗಲು ಎಣ್ಣೆಯನ್ನು ಹೀರಿ ಮೆತ್ತಗಾಗುತ್ತದೆ, ಬೆಲ್ಟಿಗೆ ಬೇಕಾದ ಬಿಗಿಯೇ ಹೋಗುತ್ತದೆ. ಬೂಷ್ಟನ್ನು ಮನೆಯ ಹೊರಗೆ ಒಣಬಟ್ಟೆಯಿಂದ ಒರೆಸಿ, ನೆರಳಿನಲ್ಲಿ, ಫ್ಯಾನಿನ ಗಾಳಿಗೆ ಆರಲು ಬಿಡಿ. ಬಿಸಿಲಿಗೋ ಒಲೆಯ ಪಕ್ಕಕ್ಕೋ ಇಟ್ಟರೆ ತೊಗಲು ಸೀಳುತ್ತದೆ. ಆರಿದ ಮೇಲೆ ಬಣ್ಣವಿಲ್ಲದ ಮೇಣದ ಪಾಲಿಶನ್ನು ತೆಳ್ಳಗೆ ಹಚ್ಚಿ ಉಜ್ಜಿದರೆ ಸಾಕು. ಬಕಲಿನ ಹಸಿರು ಹಿತ್ತಾಳೆಯ ಕಿಲುಬು, ಒಣಬಟ್ಟೆಯಿಂದ ತಿಕ್ಕಿದರೆ ಹೋಗುತ್ತದೆ.

ಇದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಆಯುಧವನ್ನು ತೊಗಲಿನ ಹೋಲ್‌ಸ್ಟರಿನಲ್ಲಿಯೇ ಬಿಟ್ಟು ಕಪಾಟಿಗೆ ಸೇರಿಸಬಾರದು. ತೊಗಲು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಹದಮಾಡಿದಾಗಿನ ಉಪ್ಪು, ಆಮ್ಲಗಳೂ ಅದರಲ್ಲಿ ಉಳಿದಿರುತ್ತವೆ. ಅವೆರಡೂ ಸೇರಿ ಉಕ್ಕಿಗೆ ತುಕ್ಕು ಹಿಡಿಸುತ್ತವೆ. ಕರಾವಳಿಯ ಮಳೆಗಾಲದಲ್ಲಿ ಅದಕ್ಕೆ ಹೆಚ್ಚು ದಿನ ಬೇಕಾಗುವುದಿಲ್ಲ. ಗುಂಡುಗಳನ್ನು ತೆಗೆದು, ಒರೆಸಿ, ಮಕ್ಕಳ ಕೈಗೆ ಸಿಗದಂತೆ ಬೀಗದೊಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡಲು ನಿಮ್ಮ ಯಜಮಾನರಿಗೆ ಹೇಳಿರಿ. ಬೆಲ್ಟನ್ನೂ ಹೋಲ್‌ಸ್ಟರನ್ನೂ ಬೇರೆಯಾಗಿ, ಗಾಳಿಯಾಡುವಲ್ಲಿ ಬಕಲಿನಿಂದ ನೇತುಹಾಕಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಾದರೂ ತೊಗಲನ್ನು ಬಿಟ್ಟು ಎರಡು ಪದರದ ಗಟ್ಟಿ ನೈಲಾನ್ ಬೆಲ್ಟನ್ನು ಬಳಸುವುದಾದರೆ ಇನ್ನೂ ಒಳ್ಳೆಯದು: ಅದು ನೆನೆದರೂ ಹಿಗ್ಗುವುದು ಕಡಿಮೆ, ರಾತ್ರಿ ತೊಳೆದು ಹರಡಿದರೆ ಬೆಳಗಿನ ಹೊತ್ತಿಗೆ ಬಹುಮಟ್ಟಿಗೆ ಆರಿರುತ್ತದೆ.