ಹಸಿರು ಶಾಯಿಯ ಸಾಲು

ಆಪ್ತಸಲಹೆಗೆಂದು ನನ್ನ ಹತ್ತಿರ ಮೊದಲ ದಿನ ಬಂದು ಕೂತವರು ಮಾತೇ ಆಡಲಿಲ್ಲ. ಬ್ಯಾಗಿನಿಂದ ಒಂದು ನೋಟ್‌ಬುಕ್ ತೆಗೆದು, ಒಂದು ಪುಟ ಬಿಡಿಸಿ ನನ್ನ ಕಡೆ ತಿರುಗಿಸಿದರು. ಪುಟದ ನಡುವೆ ಸ್ಕೇಲ್ ಇಟ್ಟು ಎಳೆದ ಗೆರೆ. ಎಡಗಡೆ ನೀಲಿ ಶಾಯಿಯಲ್ಲಿ ಪ್ರಾರ್ಥನೆಯ ವಿಷಯಗಳು. ಬಲಗಡೆ ಹಸಿರು ಶಾಯಿಯಲ್ಲಿ ಉತ್ತರ ಸಿಕ್ಕ ತಾರೀಕು. ನಾದಿನಿಯ ಹೆರಿಗೆ, ಮಗನ ಪರೀಕ್ಷೆ, ಪಕ್ಕದ ಮನೆಯ ಅಜ್ಜಿಯ ಆಪರೇಷನ್. ನಾಲ್ಕನೇ ಸಾಲು, ‘ಇವರ ಕೆಲಸ’. ಅದರ ಮುಂದೆಯೂ ಹಸಿರು ತಾರೀಕು ಇತ್ತು. ಆದರೆ ಅದರ ಮೇಲೆ ಬಾಲ್‌ಪೆನ್ನಿನಲ್ಲಿ ಎಷ್ಟು ಸಲ ಗೀಚಿದ್ದರೆಂದರೆ, ಹಾಳೆ ಹರಿದು ಕೆಳಗಿನ ಪುಟ ಕಾಣುತ್ತಿತ್ತು.

“ಇದನ್ನ ಏನ್ ಮಾಡ್ಲಿ ಹೇಳಿ ಮೇಡಂ,” ಅಂದರು.

ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಾಯಿಸಿದ್ದೇನೆ. ಅವರ ಪ್ರಾರ್ಥನಾ ಗುಂಪಿನವರೆಲ್ಲ ಅವರನ್ನು ಅಕ್ಕ ಅನ್ನುತ್ತಾರೆ. ನಾನೂ ಇಲ್ಲಿ ಹಾಗೇ ಕರೆಯುತ್ತೇನೆ.

ಅಕ್ಕನಿಗೆ ನಲವತ್ತರ ಆಸುಪಾಸು. ಐದು ವರ್ಷದಿಂದ ದಿನಾ ಬೆಳಿಗ್ಗೆ ಐದೂವರೆಗೆ ಗುಂಪಿಗೆ ಬೈಬಲಿನ ಒಂದು ವಾಕ್ಯ, ಅದರ ಕೆಳಗೆ ನಾಲ್ಕು ಸಾಲಿನ ಪ್ರೋತ್ಸಾಹ ಕಳಿಸುತ್ತಾ ಬಂದಿದ್ದಾರೆ. ಗುಂಪಿನಲ್ಲಿ ಅರವತ್ತು ಜನ. ಜ್ವರ ಬಂದ ದಿನವೂ ತಪ್ಪಿಸಿದವರಲ್ಲ. ಆ ನಡುವೆ ಯಜಮಾನರ ಕೆಲಸ ಹೋಯಿತು. ಎಂಟು ತಿಂಗಳು ಮನೆಯಲ್ಲೇ ಇದ್ದರು. ಉಪವಾಸ ಪ್ರಾರ್ಥನೆ ಆಯಿತು, ಚರ್ಚಿನ ಸಭೆಯವರೆಲ್ಲ ಬಂದು ಪ್ರಾರ್ಥಿಸಿದರು. ಆಮೇಲೆ ಹೊಸ ಕೆಲಸ ಸಿಕ್ಕಿತು. ಅಕ್ಕ ಭಾನುವಾರದ ಆರಾಧನೆಯಲ್ಲಿ ಎದ್ದು ನಿಂತು ಸಾಕ್ಷಿ ಹೇಳಿದರು, ಅಂದರೆ ದೇವರು ಮಾಡಿದ ಉಪಕಾರವನ್ನು ಎಲ್ಲರೆದುರು ಹೇಳಿಕೊಂಡರು. ಅಂದು ಅತ್ತವರೂ ಇದ್ದರಂತೆ.

ಅದಾಗಿ ಏಳು ವಾರ. ಕಂಪನಿ ಜನರನ್ನು ಕಡಿಮೆ ಮಾಡಿತು. ಹೊಸದಾಗಿ ಸೇರಿದವರನ್ನೇ ಮೊದಲು ತೆಗೆದರು.

“ಕೆಲಸ ಹೋಗಿದ್ದಕ್ಕಿಂತ ಸಾಕ್ಷಿ ಹೇಳಿದ್ದೇ ಚುಚ್ಚುತ್ತೆ,” ಅಂದರು ಅಕ್ಕ. “ಸಭೆಗೆ ಹೋದ್ರೆ ಎಲ್ಲರೂ ನನ್ನನ್ನೇ ನೋಡ್ತಾರೆ ಅನ್ಸುತ್ತೆ. ಒಬ್ಬರು ಕೇಳೇ ಬಿಟ್ರು, ‘ಎಲ್ಲಾದ್ರೂ ನಂಬಿಕೆಯಲ್ಲಿ ಸಂದು ಬಿಟ್ಟಿದ್ರಾ ಸಿಸ್ಟರ್’ ಅಂತ.”

ಫೋನ್ ತೆಗೆದು ತೋರಿಸಿದರು. ಆವತ್ತಿನ ಬೆಳಗಿನ ಸಂದೇಶ ಹೋದ ವರ್ಷ ಅದೇ ತಾರೀಕಿಗೆ ಹಾಕಿದ್ದೇ. ಒಂದಕ್ಷರವೂ ಬದಲಿಲ್ಲ. ಮೂರು ವಾರದಿಂದ ಹಳೆಯದನ್ನೇ ಕಾಪಿ ಮಾಡಿ ಹಾಕುತ್ತಿದ್ದರು. “ಯಾರಿಗೂ ಗೊತ್ತಾಗಿಲ್ಲ. ಎಲ್ಲರೂ ಆಮೆನ್ ಅಂತಾರೆ. ನಾನು ಮಾತ್ರ ಅದನ್ನ ಓದಲ್ಲ.”

ಇಲ್ಲಿ ನಾನೊಂದು ತಪ್ಪು ಮಾಡಿದೆ. ಅವರ ಸಂಕಟ ನೋಡಿ ತಡೆಯಲಾರದೆ, ದೇವರನ್ನು ಪ್ರೀತಿಸುವವರಿಗೆ ಎಲ್ಲವೂ ಒಳ್ಳೆಯದಕ್ಕೇ ಕೂಡಿಬರುತ್ತದೆ ಅನ್ನುವ, ಬೈಬಲಿನಲ್ಲಿ ರೋಮಾಪುರದವರಿಗೆ ಬರೆದ ಪತ್ರಿಕೆಯ ಮಾತು ಎತ್ತಿದೆ. ಅವರ ಮುಖ ಅಲ್ಲೇ ಮುಚ್ಚಿಕೊಂಡಿತು. “ಅದನ್ನ ಹೋದ ತಿಂಗಳು ನಾನೇ ಹಾಕಿದ್ದೆ ಮೇಡಂ,” ಅಂದರು. ಸುಮ್ಮನಾದೆ. ಮಾತು ನಿಜವೇ ಇರಬಹುದು, ಆದರೆ ಕೊಟ್ಟ ಹೊತ್ತು ಸರಿಯಿಲ್ಲದಿದ್ದರೆ ಅದು ಬಾಗಿಲು ಹಾಕಿದ ಹಾಗೇ. ಇಷ್ಟು ವರ್ಷ ಈ ಕೆಲಸ ಮಾಡಿಯೂ ನನಗೆ ಇದು ಆಗಾಗ ಮರೆಯುತ್ತದೆ.

ಹಾಗಾಗಿ ವಾಕ್ಯ ಬದಿಗಿಟ್ಟು ನಿದ್ದೆಯ ಬಗ್ಗೆ ಕೇಳಿದೆ. ಎರಡು ತಿಂಗಳಿಂದ ರಾತ್ರಿ ಮೂರಕ್ಕೆ ಎಚ್ಚರ, ಮತ್ತೆ ನಿದ್ದೆ ಇಲ್ಲ. ಊಟ ಸೇರುತ್ತಿಲ್ಲ. ಹಾಡುವುದು ಇಷ್ಟವಿತ್ತು, ಅದೂ ಬೇಡವಾಗಿದೆ. ಇಂಥ ಲಕ್ಷಣ ಎರಡು ವಾರ ದಾಟಿದರೆ ನಾನು ಕೇಳಲೇಬೇಕಾದ ಪ್ರಶ್ನೆ ಒಂದಿದೆ. ನೇರವಾಗಿ ಕೇಳಿದೆ: ಸಾಯಬೇಕು ಅನಿಸುತ್ತದಾ? ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತಾಗುತ್ತದೆ ಎಂದು ತುಂಬಾ ಜನ ಹೆದರುತ್ತಾರೆ. ಹಾಗಾಗುವುದಿಲ್ಲ. ಕೇಳಿದವರು ಸಿಕ್ಕರಲ್ಲ ಅಂತ ಎಷ್ಟೋ ಜನಕ್ಕೆ ಹಗುರವೇ ಆಗುತ್ತದೆ. ಅಕ್ಕ ತುಸು ಹೊತ್ತು ಬಿಟ್ಟು, “ಸಾಯಬೇಕು ಅಂತಲ್ಲ. ಬೆಳಿಗ್ಗೆ ಎಚ್ಚರ ಆಗದಿದ್ರೆ ಚೆನ್ನಾಗಿರ್ತಿತ್ತು ಅನ್ಸುತ್ತೆ,” ಅಂದರು. ಏನಾದರೂ ಮಾಡಿಕೊಳ್ಳುವ ಯೋಚನೆ ಇರಲಿಲ್ಲ. ಆದರೂ ಅದೇ ವಾರ ಡಾಕ್ಟರ್ ಹತ್ತಿರ ಹೋಗಬೇಕು, ಮನೆಯಲ್ಲಿ ಯಜಮಾನರಿಗೆ ಈ ಮಾತು ಹೇಳಬೇಕು ಎಂದೆ. ಎರಡಕ್ಕೂ ಒಪ್ಪಿಸಿಯೇ ಕಳಿಸಿದೆ.

ಒಪ್ಪಿಸುವುದು ಸುಲಭವಾಗಲಿಲ್ಲ. “ಮಾತ್ರೆ ತಗೊಂಡ್ರೆ ದೇವರ ಮೇಲೆ ನಂಬಿಕೆ ಇಲ್ಲ ಅಂತಾಗಲ್ವಾ?” ಅಂದರು. ಬೈಬಲಿನ ಹಿಜ್ಕೀಯ ರಾಜನ ಕಥೆ ನೆನಪಿಸಿದೆ. ಅವನು ಸಾಯುವ ಸ್ಥಿತಿಯಲ್ಲಿ ಗೋಡೆಯ ಕಡೆ ಮುಖ ಮಾಡಿ ಅತ್ತು ಪ್ರಾರ್ಥಿಸುತ್ತಾನೆ. ಇನ್ನೂ 15 ವರ್ಷ ಬದುಕುತ್ತೀ ಎಂದು ದೇವರೇ ಮಾತು ಕೊಡುತ್ತಾನೆ. ಅಷ್ಟೆಲ್ಲ ಆದಮೇಲೂ ಪ್ರವಾದಿ ಯೆಶಾಯ ಏನು ಹೇಳಿದ? ಅಂಜೂರದ ಉಂಡೆ ತಂದು ಹುಣ್ಣಿನ ಮೇಲೆ ಇಡಿ ಅಂದ. ವಾಗ್ದಾನವೂ ಇತ್ತು, ಮದ್ದೂ ಇತ್ತು. ಅಕ್ಕನಿಗೆ ಕಥೆ ಗೊತ್ತಿತ್ತು, ಅಂಜೂರ ಮರೆತಿತ್ತು. ಡಾಕ್ಟರ್ ರಕ್ತ ಪರೀಕ್ಷೆ ಮಾಡಿಸಿ, ಖಿನ್ನತೆಗೆ ಮಾತ್ರೆ ಶುರು ಮಾಡಿದರು. ಕೆಲವು ವಾರದಲ್ಲಿ ನಿದ್ದೆ ಸ್ವಲ್ಪ ಸ್ವಲ್ಪವಾಗಿ ಮರಳಿತು. ಆ ಭಾಗ ಇಷ್ಟೇ.

ಮೂರನೇ ಭೇಟಿಯಲ್ಲಿ ಆ ಹರಿದ ಸಾಲಿಗೆ ಬಂದೆವು. ಅದರ ಪಕ್ಕದಲ್ಲಿ ಅವರು ಸಣ್ಣಕ್ಷರದಲ್ಲಿ ‘ಯೆರೆ. 29:11’ ಎಂದು ಬರೆದುಕೊಂಡಿದ್ದರು. ಪ್ರವಾದಿ ಯೆರೆಮೀಯನ ಗ್ರಂಥದ 29ನೇ ಅಧ್ಯಾಯ, 11ನೇ ವಚನ. ನಿಮ್ಮ ವಿಷಯದಲ್ಲಿ ನಾನು ಮಾಡುತ್ತಿರುವ ಯೋಚನೆ ಕೇಡಿನದಲ್ಲ, ಒಳಿತಿನದೇ ಎಂದು ದೇವರು ಹೇಳುವ ಮಾತು ಅದು. ಎಷ್ಟು ಮನೆಯ ಗೋಡೆಗಳ ಮೇಲೆ ಇದೆಯೋ! ಆ ಕೆಲಸಕ್ಕೆ ಅರ್ಜಿ ಹಾಕಿದ ಬೆಳಿಗ್ಗೆ ಅವರ ಕಣ್ಣಿಗೆ ಬಿದ್ದದ್ದೂ ಅದೇ ವಾಕ್ಯ. ಕೆಲಸ ಸಿಗುತ್ತದೆ ಅನ್ನುವುದಕ್ಕೆ ಗುರುತು ಅಂದುಕೊಂಡರು. ಕೆಲಸ ಸಿಕ್ಕಿತು ಕೂಡ. ಮತ್ತೆ ಹೋದಾಗ ವಾಕ್ಯವೂ ಸುಳ್ಳಾಯಿತು.

ಆ ಅಧ್ಯಾಯವನ್ನು ಮೊದಲಿಂದ ಜೋರಾಗಿ ಓದಿ ಎಂದೆ. ಅದು ತಮ್ಮ ನಾಡಿನಿಂದ ಬಾಬೆಲಿಗೆ (ಬ್ಯಾಬಿಲೋನ್) ಸೆರೆಯಾಗಿ ಹೋದವರಿಗೆ ಯೆರೆಮೀಯ ಬರೆದ ಕಾಗದ. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮದುವೆ ಮಾಡಿಕೊಳ್ಳಿ, ನೀವಿರುವ ಊರಿಗೆ ಒಳ್ಳೆಯದಾಗಲಿ ಅಂತ ಬೇಡಿಕೊಳ್ಳಿ. ಓದುತ್ತಾ ಹತ್ತನೇ ವಚನಕ್ಕೆ ಬಂದವರು ತಡೆದು ನಿಂತರು.

“ಎಪ್ಪತ್ತು ವರ್ಷ!” ಅಂದರು. “ಹನ್ನೊಂದನ್ನ ನೂರು ಸಲ ಕಳಿಸಿದ್ದೀನಿ. ಅದರ ಹಿಂದೆಯೇ ಎಪ್ಪತ್ತು ವರ್ಷ ಅಂತಿದೆ. ಕೇಳಿಸಿಕೊಂಡವರಲ್ಲಿ ಎಷ್ಟೋ ಜನ ವಾಪಸ್ ಹೋಗೋದು ನೋಡದೇ ಸತ್ತಿರ್ತಾರೆ ಅಲ್ವಾ?”

ಹೌದು, ಸತ್ತಿರುತ್ತಾರೆ. ಎಪ್ಪತ್ತು ವರ್ಷ ತುಂಬಿದ ಮೇಲೇ ಊರಿಗೆ ಮರಳಿಸುತ್ತೇನೆ ಅನ್ನುತ್ತದೆ ಆ ವಚನ. ಆದರೂ ವಾಗ್ದಾನ ಅವರಿಗೇ ಬರೆದದ್ದು. ತೋಟ ಮಾಡಿ ಅಂದದ್ದೂ ಅವರಿಗೇ.

ಹಿಂದಿನ ಅಧ್ಯಾಯವನ್ನೂ ಓದಿಸಿದೆ. ಅಲ್ಲಿ ಹನನ್ಯ ಎಂಬ ಇನ್ನೊಬ್ಬ ಪ್ರವಾದಿ ಬರುತ್ತಾನೆ. ಎರಡೇ ವರ್ಷದಲ್ಲಿ ಎಲ್ಲ ವಾಪಸ್ ಬರುತ್ತದೆ ಎಂದು ದೇವಾಲಯದಲ್ಲಿ ಎಲ್ಲರೆದುರಿಗೆ ಹೇಳುತ್ತಾನೆ. ನಾವು ಆ ಕಾಲದಲ್ಲಿದ್ದಿದ್ದರೆ ಯಾರ ಸಂದೇಶಕ್ಕೆ ಆಮೆನ್ ಹಾಕುತ್ತಿದ್ದೆವು ಹೇಳಿ? ಹನನ್ಯನದಕ್ಕೇ. ಸೊಗಸೇನೆಂದರೆ, ಯೆರೆಮೀಯನೂ ಮೊದಲು ಆಮೆನ್ ಅನ್ನುತ್ತಾನೆ, ದೇವರು ಹಾಗೇ ಮಾಡಲಿ ಅನ್ನುತ್ತಾನೆ. ಅವನಿಗೂ ಅದೇ ಆಸೆ. ಆಸೆಯನ್ನು ದೇವರ ಬಾಯಿಗೆ ಹಾಕಿ ತಾರೀಕು ಬರೆಯಲು ಮಾತ್ರ ಅವನು ಒಪ್ಪಲಿಲ್ಲ.

ಅಕ್ಕ ನೋಟ್‌ಬುಕ್ಕನ್ನೇ ನೋಡುತ್ತಿದ್ದರು. ಆಮೇಲೆ ನಿಧಾನಕ್ಕೆ ಹೇಳಿದರು, “ನನ್ನ ಮೆಸೇಜಲ್ಲಿ ‘ಬೇಗನೇ’ ಅನ್ನೋ ಪದ ಎಷ್ಟು ಸಲ ಬಂದಿದೆಯೋ.”

ಈ ಪ್ರಕರಣದಲ್ಲಿ ನಾನು ಕೊಟ್ಟ ಸಲಹೆಗಳಲ್ಲಿ ಮುಖ್ಯವಾದದ್ದು ಅಲ್ಲಿಂದಲೇ ಹುಟ್ಟಿತು. ಬೆಳಗಿನ ವಾಕ್ಯವನ್ನು ಹವಾಮಾನ ವರದಿಯ ಹಾಗೆ ಓದಬೇಡಿ ಎಂದೆ. ಇವತ್ತು ಏನಾಗುತ್ತದೆ ಅನ್ನುವುದನ್ನು ಅದು ಹೇಳುವುದಿಲ್ಲ. ಒಳ್ಳೆಯ ದಿನ ಬಂದರೆ ದೇವರು ಹತ್ತಿರ, ಕೆಟ್ಟ ದಿನ ಬಂದರೆ ದೂರ ಎಂದು ಲೆಕ್ಕ ಹಾಕುತ್ತಾ ಹೋದರೆ, ನಾವು ನಂಬುತ್ತಿರುವುದು ದೇವರನ್ನಲ್ಲ, ನಮ್ಮ ದಿನವನ್ನು. ಹಸಿರು ಶಾಯಿಯ ಕಷ್ಟವೇ ಅದು. ಸಿಕ್ಕಿದ್ದನ್ನು ಮಾತ್ರ ಅದು ಉತ್ತರ ಅನ್ನುತ್ತದೆ.

ನೋಟ್‌ಬುಕ್ ಬಿಸಾಡಬೇಕಾ ಎಂದು ಕೇಳಿದರು. ಬೇಡ ಎಂದೆ. ಬದಲಿಗೆ ಒಂದು ತಿಂಗಳ ಮಟ್ಟಿಗೆ ಬೇರೆ ಥರ ಬರೆಯಲು ಹೇಳಿದೆ. ಮರುಭೂಮಿಯಲ್ಲಿ ಇಸ್ರಾಯೇಲ್ಯರಿಗೆ ದೇವರು ದಿನಾ ಕೊಟ್ಟ ಆಹಾರ, ಮನ್ನ, ನೆನಪಿಸಿಕೊಳ್ಳಿ. ಒಬ್ಬೊಬ್ಬರಿಗೆ ಓಮೆರ್ ಎಂಬ ಒಂದು ಅಳತೆ, ಅದೂ ಆ ದಿನಕ್ಕೆ. ನಾಳೆಗೆಂದು ಎತ್ತಿಟ್ಟವರದು ಹುಳ ಬಿದ್ದು ನಾರಿತು. ಸಬ್ಬತ್ತೆಂಬ ವಿಶ್ರಾಂತಿ ದಿನದ ಹಿಂದಿನ ದಿನ ಮಾತ್ರ ಎರಡು ಪಾಲು. 40 ವರ್ಷ ಹೀಗೇ ನಡೆಯಿತು. ಜನ ಕಣಜ ತುಂಬಿಸಿ ನೆಮ್ಮದಿ ಮಾಡಿಕೊಳ್ಳಲಿಲ್ಲ, ದಿನಾ ಬೆಳಿಗ್ಗೆ ಪಾತ್ರೆ ಹಿಡಿದು ಹೊರಗೆ ಹೋದರು. ನಂಬಿಕೆಯೂ ಅಷ್ಟೇ ಅಳತೆಯದು ಎಂದೆ. ರಾತ್ರಿ ಮೂರಕ್ಕೆ ಎಚ್ಚರವಾದಾಗ ಮುಂದಿನ ವರ್ಷದ ಮಗನ ಫೀಸಿಗೆ ಬೇಕಾದ ನಂಬಿಕೆ ನಿಮ್ಮಲ್ಲಿ ಹುಡುಕಬೇಡಿ. ಇರುವುದಿಲ್ಲ. ಅದು ಮುಂದಿನ ವರ್ಷದ ಮನ್ನ. ರಾತ್ರಿ ಮಲಗುವ ಮುಂಚೆ, ಇವತ್ತಿಗೆ ಏನು ಸಿಕ್ಕಿತು ಅನ್ನುವುದನ್ನು ಒಂದೇ ಸಾಲು ಬರೆಯಿರಿ. ಏನೂ ಕಾಣದಿದ್ದರೆ ‘ಕಾಣಲಿಲ್ಲ’ ಎಂದೇ ಬರೆಯಿರಿ, ಸುಳ್ಳು ಬೇಡ. ನಾಳೆಯ ಕೆಲಸ ನಾಳೆ ಮಾಡಿ, ಅರ್ಜಿ ಹಾಕುವುದು, ಖರ್ಚು ಕೂತು ಲೆಕ್ಕ ಹಾಕುವುದು ಎಲ್ಲ. ಮನ್ನ ತಾನಾಗಿ ಬಾಯಿಗೆ ಬೀಳುತ್ತಿರಲಿಲ್ಲ, ಆಯ್ದು ತರಬೇಕಿತ್ತು.

ಮೊದಲ ವಾರದ ಏಳರಲ್ಲಿ ನಾಲ್ಕು ದಿನ ‘ಕಾಣಲಿಲ್ಲ’. ಐದನೇ ದಿನ, ‘ಬೆಳಿಗ್ಗೆ ಐದರವರೆಗೆ ನಿದ್ದೆ’. ಆ ಪುಟ ನನಗೆ ತೋರಿಸುವಾಗ ಅವರಿಗೆ ನಾಚಿಕೆಯಾಗುತ್ತಿತ್ತು. ನನಗೆ ಮಾತ್ರ ಹಿಂದಿನ ಹಸಿರು ಪುಟಗಳಿಗಿಂತ ಇದೇ ಜಾಸ್ತಿ ನಿಜ ಅನಿಸಿತು.

ಒಂದು ಸಲ ಯಜಮಾನರನ್ನೂ ಕರೆಸಿದೆ. ಕಡಿಮೆ ಮಾತಿನ ಮನುಷ್ಯ. ಅರ್ಧ ಗಂಟೆ ಆದಮೇಲೆ, ಹೆಂಡತಿಯ ಮುಖ ನೋಡದೇ ಹೇಳಿದರು: “ನನ್ನ ಕೆಲಸ ಇವಳ ಸಾಕ್ಷಿ ಆಗಿಬಿಟ್ಟಿತ್ತು ಮೇಡಂ. ಎರಡನೇ ಸಲ ಕೆಲಸ ಹೋದಾಗ ಮನೆಗೆ ಬಂದು ಏನು ಹೇಳೋದು ಅಂತ ಎರಡು ದಿನ ಪಾರ್ಕಲ್ಲಿ ಕೂತಿದ್ದೆ. ಕೆಲಸ ಹೋಯ್ತು ಅನ್ನೋದಕ್ಕಲ್ಲ, ಸಾಕ್ಷಿ ಹಾಳು ಮಾಡಿದೆ ಅನ್ನೋದಕ್ಕೆ.” ಅಕ್ಕನಿಗೆ ಇದು ಗೊತ್ತೇ ಇರಲಿಲ್ಲ. ಆ ದಿನ ನಾನು ಯಾವ ಸಲಹೆಯನ್ನೂ ಕೊಡಲಿಲ್ಲ. ಇಬ್ಬರನ್ನೂ ಅಲ್ಲೇ ಬಿಟ್ಟು ಹೊರಗೆ ಹೋಗಿ ಹತ್ತು ನಿಮಿಷ ಕಾರಿಡಾರಿನಲ್ಲಿ ನಿಂತಿದ್ದೆ.

ಕಷ್ಟದಲ್ಲಿರುವವರಿಗೆ ನಾವು ಪ್ರಾರ್ಥನೆ ಮಾಡುವಾಗ ಇದೊಂದು ಎಚ್ಚರ ಬೇಕು ಅನಿಸುತ್ತದೆ. ಅವರು ಮನುಷ್ಯರು, ‘ವಿಷಯ’ ಅಲ್ಲ. ಉತ್ತರ ಸಿಗದಿದ್ದರೆ ನಮ್ಮ ಮುಖ ಸಪ್ಪಗಾಗುವುದನ್ನು ಅವರು ನೋಡುತ್ತಿರುತ್ತಾರೆ.

ಬೆಳಗಿನ ಸಂದೇಶದ ವಿಷಯ ಉಳಿದಿತ್ತು. ನಿಲ್ಲಿಸಿಬಿಡಲಾ ಅಂತ ಅಕ್ಕ ಕೇಳಿದರು. ಎರಡು ವಾರ ಬಿಡುವು ತೆಗೆದುಕೊಳ್ಳಿ, ಕಾರಣ ಹೇಳಬೇಕಿಲ್ಲ ಎಂದೆ. ಆ ಎರಡು ವಾರ ಬೈಬಲಿನ ಕೀರ್ತನೆಗಳ ಗ್ರಂಥದಿಂದ ದಿನಕ್ಕೊಂದು ಕೀರ್ತನೆ, ಅದೂ ದೂರು ಹೇಳುವಂಥವು, ತಮಗಾಗಿ ಮಾತ್ರ ಓದಲು ಕೊಟ್ಟೆ. 13ನೇ ಕೀರ್ತನೆಯಲ್ಲಿ ಇರುವುದೇ ಆರು ವಚನ. ಮೊದಲೆರಡರಲ್ಲೇ ‘ಎಷ್ಟರವರೆಗೆ’ ಅನ್ನುವ ಪ್ರಶ್ನೆ ನಾಲ್ಕು ಸಲ ಬರುತ್ತದೆ. ಅಲ್ಲಿ ಕೊನೆಗಾದರೂ ಹಾಡು ಬರುತ್ತದೆ. 88ನೆಯದರಲ್ಲಿ ಅದೂ ಇಲ್ಲ, ಕತ್ತಲಲ್ಲೇ ಮುಗಿಯುತ್ತದೆ. ಅದನ್ನು ಓದಿ ಬಂದ ದಿನ ಅಕ್ಕ, “ಇದು ಬೈಬಲ್ಲಲ್ಲಿ ಇರೋಕೆ ಬಿಟ್ಟಿದ್ದಾರಲ್ಲ!” ಅಂದರು. ಬಿಟ್ಟಿದ್ದಾರೆ. ಆ ಕೀರ್ತನೆ ಬರೆದವನೂ ಹಗಲು ರಾತ್ರಿ ದೇವರನ್ನೇ ಕೂಗುತ್ತಾನೆ ಅನ್ನುವುದನ್ನು ಗಮನಿಸಿ ಎಂದೆ. ದೇವರ ಮೇಲಿನ ದೂರನ್ನು ದೇವರ ಹತ್ತಿರವೇ ಹೇಳುವುದು ಭರವಸೆ ಕಳೆದುಕೊಂಡವರ ಕೆಲಸ ಅಲ್ಲ. ಪೂರ್ತಿ ಬಿಟ್ಟವರು ಮಾತೇ ಆಡುವುದಿಲ್ಲ.

ಹದಿನೈದನೇ ದಿನ ಅವರು ಗುಂಪಿಗೆ ಬರೆದದ್ದು ಎರಡು ಸಾಲು. ಮೊದಲನೆಯದು 13ನೇ ಕೀರ್ತನೆಯ ಮೊದಲ ವಚನ. ಕೆಳಗೆ, ‘ಇವತ್ತು ನನ್ನ ಹತ್ತಿರ ಇರುವುದು ಇಷ್ಟೇ. ನೀವೂ ನನಗಾಗಿ ಪ್ರಾರ್ಥಿಸಿ.’ ಮಾಮೂಲಿಗಿಂತ ಆಮೆನ್ ಕಡಿಮೆ ಬಂದವು. ಒಬ್ಬರು ಗುಂಪು ಬಿಟ್ಟೇ ಹೋದರು. ಮಧ್ಯಾಹ್ನದ ಹೊತ್ತಿಗೆ, ಐದು ವರ್ಷದಲ್ಲಿ ಗುಂಪಿನಲ್ಲಿ ಒಂದಕ್ಷರ ಬರೆಯದ ಹಿರಿಯರೊಬ್ಬರು ಅಕ್ಕನಿಗೆ ನೇರವಾಗಿ ಫೋನ್ ಮಾಡಿದರು. ಹೆಂಡತಿ ತೀರಿಕೊಂಡ ಮೇಲೆ ಅವರು ಆ ಸಂದೇಶಗಳನ್ನು ಓದುವುದನ್ನೇ ಬಿಟ್ಟಿದ್ದರಂತೆ. ನಲವತ್ತು ನಿಮಿಷ ಮಾತಾಡಿದರಂತೆ. ಏನು ಅಂತ ನಾನು ಕೇಳಲಿಲ್ಲ.

ಈಗ ಭೇಟಿ ತಿಂಗಳಿಗೊಮ್ಮೆ. ಮಾತ್ರೆ ಡಾಕ್ಟರ್ ಹೇಳಿದಷ್ಟು ದಿನ ಮುಂದುವರಿಯುತ್ತದೆ. ಯಜಮಾನರಿಗೆ ಆರು ತಿಂಗಳ ಒಪ್ಪಂದದ ಮೇಲೆ ಒಂದು ಕೆಲಸ ಸಿಕ್ಕಿದೆ, ಸಂಬಳ ಮೊದಲಿನದಕ್ಕಿಂತ ಕಡಿಮೆ. ಸಭೆಯಲ್ಲಿ ಸಾಕ್ಷಿ ಹೇಳ್ತೀರಾ ಅಂತ ಯಾರೋ ಕೇಳಿದ್ದಕ್ಕೆ, ಅಕ್ಕ ಯಜಮಾನರ ಕಡೆ ನೋಡಿ “ಇವರನ್ನೇ ಕೇಳಿ” ಅಂದರಂತೆ. ಅವರು ಬೇಡ ಅಂದರು.

ಹೋದ ಸಲ ನೋಟ್‌ಬುಕ್ ತಂದಿದ್ದರು. ಹರಿದ ಜಾಗಕ್ಕೆ ಹಿಂದಿನಿಂದ ಬಿಳಿ ಕಾಗದದ ತುಂಡು ಅಂಟಿಸಿ, ‘ಇವರ ಕೆಲಸ’ ಎಂದು ಮತ್ತೆ ಬರೆದಿದ್ದಾರೆ. ಮುಂದೆ ತಾರೀಕು ಇದೆ. ಯಾವ ಶಾಯಿ ಎಂದು ಬಗ್ಗಿ ನೋಡಿದೆ. ಪೆನ್ಸಿಲ್.