ತಾನಾಗಿ ತೆರೆದುಕೊಳ್ಳುವ ಪುಟಗಳು

ಪ್ರಶ್ನೆ: ನಮ್ಮ ಮನೆಯ ವಿಂಡೋಸ್ ಕಂಪ್ಯೂಟರಿಗೆ ಉಚಿತ ವಿಡಿಯೊ ಪ್ಲೇಯರ್ ಹಾಕಿಕೊಂಡ ಮೇಲೆ ಬ್ರೌಸರಿನಲ್ಲಿ ಅಪರಿಚಿತ ಪುಟಗಳು ತಾವಾಗಿಯೇ ತೆರೆದುಕೊಳ್ಳುತ್ತಿವೆ. ‘ವೈರಸ್ ಇದೆ, ಈ ಸಂಖ್ಯೆಗೆ ಕರೆ ಮಾಡಿ’ ಎಂಬ ಎಚ್ಚರಿಕೆಯೂ ಬರುತ್ತಿದೆ. ಏನು ಮಾಡಬೇಕು?

ಉತ್ತರ: ದಯವಿಟ್ಟು ಆ ಸಂಖ್ಯೆಗೆ ಕರೆ ಮಾಡಬೇಡಿ. ಮೈಕ್ರೋಸಾಫ್ಟ್‌ನ ನಿಜವಾದ ಎಚ್ಚರಿಕೆಗಳಲ್ಲಿ ಫೋನ್ ಸಂಖ್ಯೆ ಇರುವುದೇ ಇಲ್ಲ.

ಸೆಟ್ಟಿಂಗ್ಸ್‌ನಲ್ಲಿ ಆ್ಯಪ್‌ಗಳ ಪಟ್ಟಿಯನ್ನು ದಿನಾಂಕದ ಪ್ರಕಾರ ಜೋಡಿಸಿ ನೋಡಿದರೆ, ಪ್ಲೇಯರಿನ ಜೊತೆಗೇ ನುಸುಳಿದ ಬೇರೆ ಪ್ರೋಗ್ರಾಮುಗಳೂ ಕಣ್ಣಿಗೆ ಬೀಳುತ್ತವೆ. ಅವೆಲ್ಲವನ್ನೂ ಅನ್‌ಇನ್‌ಸ್ಟಾಲ್ ಮಾಡಿ. ಬ್ರೌಸರಿನಲ್ಲಿ ನೀವು ಸೇರಿಸದ ಎಕ್ಸ್‌ಟೆನ್ಶನ್‌ಗಳನ್ನು (ಬ್ರೌಸರಿಗೆ ಜೋಡಿಸುವ ಸಣ್ಣ ಪ್ರೋಗ್ರಾಮುಗಳನ್ನು) ತೆಗೆದುಹಾಕಿ, ಯಾವ ಯಾವ ತಾಣಗಳಿಗೆ ನೋಟಿಫಿಕೇಶನ್ ಅನುಮತಿ ಇದೆಯೆಂದು ಪರಿಶೀಲಿಸಿ. ಇಂತಹ ಸುಳ್ಳು ಎಚ್ಚರಿಕೆಗಳು ಎಷ್ಟೋ ಸಲ ಬರುವುದು ಆ ಅನುಮತಿಯಿಂದಲೇ.

ಅನಂತರ ವಿಂಡೋಸ್ ಜೊತೆಗೇ ಬರುವ ರಕ್ಷಣಾ ಆ್ಯಪ್ ಆದ ವಿಂಡೋಸ್ ಸೆಕ್ಯೂರಿಟಿಯನ್ನು ಅಪ್‌ಡೇಟ್ ಮಾಡಿ, ಅದರಲ್ಲಿರುವ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ನಡೆಸಿ. ವಿಂಡೋಸ್ ಚಾಲನೆಯಲ್ಲಿರುವಾಗ ಅಡಗಿಕೊಳ್ಳಬಲ್ಲ ಕುತಂತ್ರಾಂಶವನ್ನು, ವಿಂಡೋಸ್ ಪೂರ್ತಿ ಶುರುವಾಗುವ ಮೊದಲೇ ಹುಡುಕುವುದು ಇದರ ವಿಶೇಷ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ ಸುಮಾರು 15 ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಆಮೇಲೂ ಕಾಟ ನಿಲ್ಲದಿದ್ದರೆ ದಾಖಲೆ, ಫೋಟೊಗಳನ್ನಷ್ಟೇ ಉಳಿಸಿಕೊಂಡು ವಿಂಡೋಸನ್ನು ಹೊಸದಾಗಿ ಹಾಕುವುದೇ ಮೇಲೆಂಬುದು ನನ್ನ ಅಭಿಪ್ರಾಯ.

ಬ್ಯಾಂಕ್ ಮತ್ತು ಇಮೇಲ್ ಪಾಸ್‌ವರ್ಡ್‌ಗಳನ್ನು ಸೋಂಕಿಲ್ಲದ ಬೇರೆ ಸಾಧನದಿಂದಲೇ ಬದಲಾಯಿಸಿ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ಅದನ್ನೇ ಬಳಸುತ್ತಿದ್ದರೆ ವಿಂಡೋಸ್ 11ಕ್ಕೆ ಹೋಗುವ ಯೋಚನೆ ಮಾಡಿ. ಬ್ಯಾಕಪ್ ಇಟ್ಟ ಹಾರ್ಡ್ ಡಿಸ್ಕನ್ನು ಕೆಲಸವಾದೊಡನೆ ಕಳಚಿಡಿ. ಜೋಡಿಸಿಯೇ ಬಿಟ್ಟರೆ, ಕಡತಗಳನ್ನು ಲಾಕ್ ಮಾಡಿ ಹಣ ಕೇಳುವ ಕುತಂತ್ರಾಂಶವಾದ ರ್‍ಯಾನ್ಸಮ್‌ವೇರ್ ಅದನ್ನೂ ಲಾಕ್ ಮಾಡಬಲ್ಲದು.