ಕರ್ಫ್ಯೂ ನಡುವೆ ವರ್ಷಾಂತ್ಯ: ಬೆಳಗಾವಿ ಓದುಗರ ಪ್ರಶ್ನೆಗಳಿಗೆ ಉತ್ತರ

2021ರ ಡಿಸೆಂಬರ್ 28ರ ಮಂಗಳವಾರದಿಂದ ಕೋವಿಡ್ ತಡೆಗಾಗಿ ಕರ್ನಾಟಕ ರಾಜ್ಯದಾದ್ಯಂತ ರಾತ್ರಿ 10ರಿಂದ ಬೆಳಗಿನ 5ರವರೆಗೆ ಕರ್ಫ್ಯೂ ಜಾರಿಗೆ ಬಂದಿತ್ತು. ಒಮಿಕ್ರಾನ್ ಎಂಬ ಕೊರೊನಾ ರೂಪಾಂತರಿಯ ಸೋಂಕು ದೇಶದಲ್ಲಿ ಮೊದಲು ಪತ್ತೆಯಾದದ್ದೇ ನಮ್ಮ ರಾಜ್ಯದಲ್ಲಿ, ಅದೇ ತಿಂಗಳ 2ರಂದು. ಅಂದಿನಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು, ತಮ್ಮ ಕೆಲಸ ಯಾವ ಕಚೇರಿಗೆ ಸೇರಿದ್ದು ಎಂದು ತಿಳಿಯದ ಜನರವು. ಪೌರಾಡಳಿತ ಸೇವೆಯಲ್ಲಿದ್ದ ಅನುಭವದ ಆಧಾರದ ಮೇಲೆ ಅವುಗಳಲ್ಲಿ ಕೆಲವಕ್ಕೆ ಆ ವರ್ಷಾಂತ್ಯದಲ್ಲಿ ಕೊಟ್ಟ ಉತ್ತರಗಳಿವು; ಇಲ್ಲಿನ ನಿಯಮ, ದಿನಾಂಕಗಳೆಲ್ಲ ಆಗಿನವು.

ಪ್ರಶ್ನೆ: ನಾವು ಕ್ಯಾಂಪ್ (ಸೇನಾ ದಂಡು) ಪ್ರದೇಶದವರು. ಪ್ರತಿ ವರ್ಷ ಡಿಸೆಂಬರ್ 31ರ ರಾತ್ರಿ ನಮ್ಮ ಬೀದಿಯ ಹುಡುಗರೆಲ್ಲ ಸೇರಿ ‘ಓಲ್ಡ್ ಮ್ಯಾನ್’ ಎಂಬ, ಹಳೆಯ ವರ್ಷದ ಗೊಂಬೆಯನ್ನು ಸುಡುತ್ತಾರೆ. ಈ ಸಲ ಅನುಮತಿಗೆ ಪಾಲಿಕೆಯನ್ನು ಕೇಳಬೇಕೋ, ಕ್ಯಾಂಟೋನ್ಮೆಂಟ್ ಬೋರ್ಡನ್ನು ಕೇಳಬೇಕೋ?

ಇಬ್ಬರನ್ನೂ ಕೇಳಿ ಪ್ರಯೋಜನವಿಲ್ಲ. ಕ್ಯಾಂಪ್ ಪ್ರದೇಶದ ರಸ್ತೆ, ನೀರು, ಕಸ, ದೀಪಗಳ ಹೊಣೆ 2006ರ ಕ್ಯಾಂಟೋನ್ಮೆಂಟ್ ಕಾಯ್ದೆಯ ಪ್ರಕಾರ ಬೋರ್ಡಿನದು. ಆ ಬೋರ್ಡು ರಕ್ಷಣಾ ಸಚಿವಾಲಯದ ಅಧೀನದಲ್ಲಿದೆ, ಮಹಾನಗರ ಪಾಲಿಕೆಗೂ ಅದಕ್ಕೂ ಆಡಳಿತದ ಸಂಬಂಧವಿಲ್ಲ. ಆದರೆ ಈಗಿನ ನಿರ್ಬಂಧ ಈ ಎರಡೂ ಸಂಸ್ಥೆಗಳಿಂದ ಹೊರಟದ್ದಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆಯಡಿ ರಾಜ್ಯ ಕಾರ್ಯಕಾರಿ ಸಮಿತಿಯ ಅಧ್ಯಕ್ಷರಾದ ಮುಖ್ಯ ಕಾರ್ಯದರ್ಶಿಯವರು ಆದೇಶ ಹೊರಡಿಸುತ್ತಾರೆ. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರಾದ ಜಿಲ್ಲಾಧಿಕಾರಿಯವರು ಅದನ್ನು ಜಿಲ್ಲೆಯಲ್ಲಿ ಜಾರಿಗೆ ತರುತ್ತಾರೆ, ಪೊಲೀಸರು ಪಾಲನೆಯಾಗುವಂತೆ ನೋಡಿಕೊಳ್ಳುತ್ತಾರೆ. ಕ್ಯಾಂಪ್ ಸೇನೆಯ ಪ್ರದೇಶವಾದ ಮಾತ್ರಕ್ಕೆ ಈ ಆದೇಶದಿಂದ ಹೊರಗುಳಿಯುವುದಿಲ್ಲ.

ಆದೇಶದಂತೆ 2021ರ ಡಿಸೆಂಬರ್ 30ರಿಂದ 2022ರ ಜನವರಿ 2ರವರೆಗೆ ಹೊಸ ವರ್ಷದ ಹೆಸರಿನಲ್ಲಿ ಬಯಲಿನಲ್ಲಿ ಗುಂಪು ಸೇರುವಂತಿಲ್ಲ, ಡಿಜೆ ಹಚ್ಚುವಂತಿಲ್ಲ. ಹೋಟೆಲು, ಪಬ್ಬುಗಳಲ್ಲಿ ಆಸನಗಳ ಅರ್ಧದಷ್ಟು ಜನ ಮಾತ್ರ ಇರಬೇಕು. ಹೀಗಾಗಿ ಬೀದಿಯ ನಡುವೆ ಎಲ್ಲರೂ ಸೇರಿ ಓಲ್ಡ್ ಮ್ಯಾನ್ ಸುಡಲು ಈ ವರ್ಷ ಯಾವ ಕಚೇರಿಯಿಂದಲೂ ಅನುಮತಿ ಸಿಗುವುದಿಲ್ಲ. ಮಕ್ಕಳಿಗೆ ನಿರಾಸೆಯಾಗುತ್ತದೆ ಎಂಬುದು ನನಗೆ ಗೊತ್ತು, ಏಕೆಂದರೆ ಗೋವೆಯ ನಂಟಿನಿಂದ ಬಂದ ಈ ಆಚರಣೆಯಲ್ಲಿ ಕ್ಯಾಂಪಿನ ಕ್ರೈಸ್ತರಷ್ಟೇ ಅಲ್ಲ, ಎಲ್ಲ ಮನೆಗಳ ಹುಡುಗರೂ ಪಾಲ್ಗೊಳ್ಳುತ್ತ ಬಂದಿದ್ದಾರೆ. ಈ ಗೊಂಬೆಗಳನ್ನು ಕಟ್ಟಿ ಮಾರುವ ಬಡ ಕುಟುಂಬಗಳಿಗೆ ವರ್ಷದ ಈ ನಾಲ್ಕೈದು ದಿನಗಳ ವ್ಯಾಪಾರವೇ ಗಳಿಕೆ. ಕಳೆದ ವರ್ಷವೂ ಅವರಿಗೆ ಪೆಟ್ಟು ಬಿದ್ದಿದೆ. ಆದ್ದರಿಂದ ನನ್ನ ಸಲಹೆ ಇಷ್ಟು: ಚಿಕ್ಕದೊಂದು ಗೊಂಬೆಯನ್ನು ಅವರಿಂದಲೇ ಕೊಂಡು, ನಿಮ್ಮ ಕಂಪೌಂಡಿನೊಳಗೆ, ಮನೆಯವರಷ್ಟೇ ಸೇರಿ, ರಾತ್ರಿ 10ಕ್ಕೆ ಸಾಕಷ್ಟು ಮುಂಚೆ ಸುಟ್ಟು ಮುಗಿಸಿ. ಒಳಗೆ ಪಟಾಕಿ, ಪ್ಲಾಸ್ಟಿಕ್, ಟೈರಿನ ಚೂರು ತುಂಬುವುದು ಬೇಡ. ಎರಡನೆಯ ಅಲೆಯಲ್ಲಿ ಸೋಂಕಿನಿಂದ ಚೇತರಿಸಿಕೊಂಡು ಇಂದಿಗೂ ಏದುಸಿರು ಬಿಡುತ್ತಿರುವವರು ನಿಮ್ಮ ಪಕ್ಕದ ಮನೆಯಲ್ಲಿಯೇ ಇರಬಹುದು.

ವರ್ಷದ ಕೊನೆಯ ರಾತ್ರಿಯ ಚರ್ಚ್ ಪ್ರಾರ್ಥನೆಯ ಬಗ್ಗೆಯೂ ಇಬ್ಬರು ಕೇಳಿದ್ದಾರೆ. ಭಕ್ತರು 10ರೊಳಗೆ ಮನೆ ಸೇರುವಂತೆ ಸಂಜೆಯೇ ಪ್ರಾರ್ಥನೆ ಮುಗಿಯಬೇಕು, ಆದ್ದರಿಂದ ವೇಳೆಯನ್ನು ನಿಮ್ಮ ಚರ್ಚಿನಲ್ಲಿ ಮೊದಲೇ ವಿಚಾರಿಸಿಕೊಳ್ಳಿ.

ಪ್ರಶ್ನೆ: ಸಂಕ್ರಾಂತಿಯ ನಂತರ ಮಗಳ ಮದುವೆ ಇದೆ. ಬೀಗರು ಕೊಲ್ಹಾಪುರದವರು. ಎಷ್ಟು ಜನ ಸೇರಬಹುದು?

ಸದ್ಯ, ಅಂದರೆ 2021ರ ಡಿಸೆಂಬರ್ ಅಂತ್ಯದಲ್ಲಿ, ಮದುವೆಗೆ 300 ಜನರ ಮಿತಿ ಇದೆ. ಮಹಾರಾಷ್ಟ್ರದಿಂದ ಬರುವವರು 72 ಗಂಟೆಗಳೊಳಗಿನ ಆರ್‌ಟಿಪಿಸಿಆರ್ ನೆಗೆಟಿವ್ ವರದಿಯನ್ನು ಜೊತೆಗಿಟ್ಟುಕೊಳ್ಳಬೇಕು, ನಿಪ್ಪಾಣಿ ಬಳಿಯ ಕೊಗನೊಳ್ಳಿ ತಪಾಸಣಾ ಠಾಣೆಯಲ್ಲಿ ಅದನ್ನು ನೋಡುತ್ತಾರೆ. ರಾತ್ರಿ ಕರ್ಫ್ಯೂ ಆದೇಶ 2022ರ ಜನವರಿ 7ರ ಬೆಳಗಿನವರೆಗೆ ಇದ್ದು, ಮುಂದೆ ಅದು ಬಿಗಿಯಾಗಲೂಬಹುದು. ಆದ್ದರಿಂದ ಅಕ್ಷತೆಯನ್ನು ಹಗಲಿನ ಮುಹೂರ್ತಕ್ಕೇ ಇಟ್ಟುಕೊಳ್ಳಿ, ಕಲ್ಯಾಣ ಮಂಟಪದವರಿಗೆ ಪೂರ್ತಿ ಹಣವನ್ನು ಈಗಲೇ ಕೊಡಬೇಡಿ.

ಪ್ರಶ್ನೆ: ಸೆಪ್ಟೆಂಬರಿನಲ್ಲಿ ಮತ ಹಾಕಿ ನಮ್ಮ ವಾರ್ಡಿಗೆ ನಗರಸೇವಕರನ್ನು (ಪಾಲಿಕೆ ಸದಸ್ಯರನ್ನು) ಆರಿಸಿದೆವು. ಗಟಾರು ತುಂಬಿದೆ, ಬೀದಿದೀಪ ಉರಿಯುತ್ತಿಲ್ಲ ಎಂದು ಹೇಳಿದರೆ, ತಮಗಿನ್ನೂ ಅಧಿಕಾರವೇ ಬಂದಿಲ್ಲ ಎನ್ನುತ್ತಾರೆ. ಇದು ನಿಜವೇ? — ಶಹಾಪುರದ ಓದುಗರು

ದುರದೃಷ್ಟವಶಾತ್ ಅವರು ಹೇಳುತ್ತಿರುವುದು ನಿಜ. ಪಾಲಿಕೆಯ 58 ವಾರ್ಡುಗಳಿಗೆ 2021ರ ಸೆಪ್ಟೆಂಬರ್ 3ರಂದು ಮತದಾನ ನಡೆದು, 6ರಂದು ಫಲಿತಾಂಶ ಬಂತು. 35 ಸ್ಥಾನ ಗೆದ್ದ ಬಿಜೆಪಿಗೆ ಸ್ಪಷ್ಟ ಬಹುಮತವೂ ಇದೆ. ಆದರೆ ಮೇಯರ್ ಮತ್ತು ಉಪಮೇಯರ್ ಚುನಾವಣೆ 2021ರ ಡಿಸೆಂಬರ್ ಅಂತ್ಯದವರೆಗೂ ನಡೆದಿಲ್ಲ. ಆ ಸ್ಥಾನಗಳ ಮೀಸಲಾತಿಯನ್ನು ನಿಗದಿಪಡಿಸುವುದು ರಾಜ್ಯ ಸರ್ಕಾರ. ಚುನಾವಣೆಯ ಸಭೆ ಕರೆದು ನಡೆಸಿಕೊಡುವವರು ಪ್ರಾದೇಶಿಕ ಆಯುಕ್ತರು. ಸದಸ್ಯರು ಪ್ರಮಾಣವಚನ ಸ್ವೀಕರಿಸಿ ಪರಿಷತ್ತು ರಚನೆಯಾಗುವವರೆಗೆ, ಗೆದ್ದ ನಗರಸೇವಕರು ಅಧಿಕಾರಿಗಳ ಬಳಿ ವಿನಂತಿ ಮಾಡಬಹುದೇ ಹೊರತು ಸಭೆಯಲ್ಲಿ ಪ್ರಶ್ನೆ ಕೇಳಲಾರರು, ಹಣ ಮಂಜೂರು ಮಾಡಿಸಲಾರರು.

ಹಿಂದಿನ ಪರಿಷತ್ತಿನ ಅವಧಿ ಮುಗಿದದ್ದು 2019ರ ಮಾರ್ಚಿನಲ್ಲಿ. ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆದಿರಬೇಕು ಎಂದು ಸಂವಿಧಾನದ 243ಯು ವಿಧಿ ಹೇಳುತ್ತದೆ. ಅಂದರೆ ಮೊದಲ ಅಲೆ, ಎರಡನೆಯ ಅಲೆ ಎರಡನ್ನೂ ಈ ನಗರ ತನ್ನ ವಾರ್ಡಿಗೊಬ್ಬ ಚುನಾಯಿತ ಪ್ರತಿನಿಧಿಯಿಲ್ಲದೆ ಎದುರಿಸಿತು. ಅದರ ಬೆಲೆ ಎಷ್ಟೆಂಬುದನ್ನು ತಿಳಿಯಲು ಈ ವರ್ಷದ (2021) ಗಣೇಶೋತ್ಸವವನ್ನು ನೆನೆದರೆ ಸಾಕು. ಚೌತಿ ಬಂದದ್ದು ಸೆಪ್ಟೆಂಬರ್ 10ರಂದು, ಫಲಿತಾಂಶ ಬಂದ ನಾಲ್ಕನೆಯ ದಿನ. ಸರ್ಕಾರದ ಮಾರ್ಗಸೂಚಿಯಲ್ಲಿ ಸಾರ್ವಜನಿಕ ಮೂರ್ತಿಗೆ 4 ಅಡಿ, ಮನೆಯ ಮೂರ್ತಿಗೆ 2 ಅಡಿಯ ಮಿತಿ, ಐದೇ ದಿನಗಳ ಉತ್ಸವ, ಮೆರವಣಿಗೆಗೆ ನಿಷೇಧ, ಜೊತೆಗೆ ವಾರ್ಡಿಗೆ ಒಂದೇ ಗಣಪತಿ ಎಂಬ ನಿಯಮವಿತ್ತು. ಒಂದು ವಾರ್ಡಿನೊಳಗೆ ಗಲ್ಲಿಗೊಂದು ಮಂಡಳಿ ಇರುವ, ಹನ್ನೊಂದನೆಯ ದಿನದ ಮೆರವಣಿಗೆ ಕಪಿಲೇಶ್ವರ ಹೊಂಡ ತಲುಪುವಾಗ ಮರುದಿನ ಬೆಳಗಾಗುವ ಬೆಳಗಾವಿಯಲ್ಲಿ, ಆ ಒಂದು ಗಣಪತಿ ಯಾವ ಗಲ್ಲಿಯದು ಎಂದು ಯಾರು ಹೇಳಬೇಕಿತ್ತು? ಎಲ್ಲ ಮಂಡಳಿಗಳವರನ್ನೂ ಹೆಸರು ಹಿಡಿದು ಕರೆದು, ಒಂದೆಡೆ ಕೂರಿಸಿ, ಒಪ್ಪಿಸುವ ಕೆಲಸ ಪೊಲೀಸ್ ಠಾಣೆಯದಲ್ಲ. ಅದು ವಾರ್ಡಿನ ಸದಸ್ಯನ ಕೆಲಸ. ಗೆದ್ದವರು ಇದ್ದರು, ಆದರೆ ಆ ಮಾತನ್ನು ಅಧಿಕಾರದಿಂದ ಆಡುವ ಸ್ಥಾನ ಅವರಿಗಿರಲಿಲ್ಲ. ಹಬ್ಬದ ಸಂಯಮವೆಲ್ಲ ಜನರ ತಿಳಿವಳಿಕೆಯಿಂದ ಉಳಿಯಿತು. ಮತ್ತೊಂದು ಅಲೆಯ ಭಯವಿರುವ ಈ ಹೊತ್ತಿನಲ್ಲಿಯೂ ಪರಿಷತ್ತು ರಚಿಸದೆ ಇರುವುದು ತಪ್ಪು ಎಂದೇ ನನ್ನ ಸ್ಪಷ್ಟ ಅಭಿಪ್ರಾಯ.

ಹಾಗೆಂದು ನಿಮ್ಮ ಗಟಾರು ಮೇಯರ್‌ಗಾಗಿ ಕಾಯಬೇಕಾಗಿಲ್ಲ. ಪರಿಷತ್ತು ಇಲ್ಲದಿದ್ದರೂ ಪಾಲಿಕೆ ಇದೆ; ಪಾಲಿಕೆ ಆಯುಕ್ತರ ಕಾನೂನುಬದ್ಧ ಕರ್ತವ್ಯಗಳಲ್ಲಿ ಒಂದೂ ಕಡಿಮೆಯಾಗಿಲ್ಲ. ಗಟಾರಿನ ದೂರನ್ನು ನಿಮ್ಮ ವಾರ್ಡಿನ ಆರೋಗ್ಯ ನಿರೀಕ್ಷಕರ ಹೆಸರಿಗೂ, ದೀಪದ ದೂರನ್ನು ವಿದ್ಯುತ್ ವಿಭಾಗದ ಎಂಜಿನಿಯರರ ಹೆಸರಿಗೂ ಪ್ರತ್ಯೇಕವಾಗಿ ಬರೆಯಿರಿ. ಎರಡರ ಪ್ರತಿಯನ್ನೂ ಆಯುಕ್ತರಿಗೆ ಕೊಟ್ಟು, ದಿನಾಂಕವಿರುವ ಸ್ವೀಕೃತಿ ಪಡೆಯಿರಿ. ಹದಿನೈದು ದಿನವಾದರೂ ಕೆಲಸವಾಗದಿದ್ದರೆ, ಆ ದೂರಿನ ಮೇಲೆ ಯಾವ ಕ್ರಮ ಆಗಿದೆ ಎಂದು ಮಾಹಿತಿ ಹಕ್ಕಿನಡಿ ಕೇಳಿ. ಬಾಯಿಮಾತಿನ ದೂರಿಗೆ ಕಡತವಿಲ್ಲ, ಕಡತವಿಲ್ಲದ್ದಕ್ಕೆ ಉತ್ತರ ಕೊಡಬೇಕಾದವರೂ ಇಲ್ಲ.

ಪ್ರಶ್ನೆ: ನಮ್ಮ ತಂದೆ 2021ರ ಮೇ ತಿಂಗಳಲ್ಲಿ ಕೋವಿಡ್ ಪಾಸಿಟಿವ್ ಬಂದ ಹತ್ತನೆಯ ದಿನ ಮನೆಯಲ್ಲಿಯೇ ತೀರಿಕೊಂಡರು. ಮರಣ ಪ್ರಮಾಣಪತ್ರದಲ್ಲಿ ಕೋವಿಡ್ ಎಂದು ಇಲ್ಲದ ಕಾರಣ ಪರಿಹಾರ ಬರುವುದಿಲ್ಲ ಎಂದು ಕಚೇರಿಯೊಂದರಲ್ಲಿ ಹೇಳಿ ಕಳುಹಿಸಿದರು. ತಾಯಿ ಅಂದಿನಿಂದ ಕೈಚೆಲ್ಲಿ ಕುಳಿತಿದ್ದಾರೆ.

ದಯವಿಟ್ಟು ತಾಯಿಯವರಿಗೆ ಈ ಉತ್ತರವನ್ನು ಓದಿ ಹೇಳಿ. ನಿಮಗೆ ಕೊಟ್ಟ ಮಾಹಿತಿ ತಪ್ಪು. ಮರಣ ಪ್ರಮಾಣಪತ್ರದಲ್ಲಿ ಕೋವಿಡ್ ಎಂದು ನಮೂದಾಗಿಲ್ಲ ಎಂಬ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್ 4ರಂದು ಸ್ಪಷ್ಟವಾಗಿ ಆದೇಶಿಸಿದೆ. ಕೇಂದ್ರದ ಮಾರ್ಗಸೂಚಿಯಂತೆ ಪಾಸಿಟಿವ್ ಬಂದ 30 ದಿನಗಳೊಳಗೆ ಸಂಭವಿಸಿದ ಸಾವನ್ನು, ಅದು ಆಸ್ಪತ್ರೆಯ ಹೊರಗೆ ಆಗಿದ್ದರೂ, ಕೋವಿಡ್ ಸಾವೆಂದೇ ಪರಿಗಣಿಸಬೇಕು. ಅಪಘಾತದಂಥ ಬೇರೆ ಕಾರಣದ ಸಾವುಗಳಿಗೆ ಇದು ಅನ್ವಯಿಸುವುದಿಲ್ಲ.

ಪರೀಕ್ಷಾ ವರದಿ, ವೈದ್ಯರ ಚೀಟಿಗಳು, ಸ್ಕ್ಯಾನ್ ಮಾಡಿಸಿದ್ದರೆ ಅದರ ವರದಿ, ಮರಣ ಪ್ರಮಾಣಪತ್ರ, ಇವುಗಳ ನಕಲುಗಳೊಂದಿಗೆ ತಹಶೀಲ್ದಾರರ ಕಚೇರಿಯಲ್ಲಿ ಅಥವಾ ನಾಡಕಚೇರಿಯಲ್ಲಿ ಅರ್ಜಿ ಕೊಡಿ. ಅಲ್ಲಿ ಒಪ್ಪದಿದ್ದರೆ ಜಿಲ್ಲಾ ಮಟ್ಟದ ಸಮಿತಿಯೊಂದಿದೆ. ಅಪರ ಜಿಲ್ಲಾಧಿಕಾರಿ, ಆರೋಗ್ಯಾಧಿಕಾರಿ ಮತ್ತು ತಜ್ಞ ವೈದ್ಯರಿರುವ ಆ ಸಮಿತಿ 30 ದಿನಗಳೊಳಗೆ ದೂರನ್ನು ಇತ್ಯರ್ಥಪಡಿಸಬೇಕು. ವಿಪತ್ತು ಪರಿಹಾರ ನಿಧಿಯಿಂದ ₹50,000 ಎಲ್ಲ ಕುಟುಂಬಗಳಿಗೂ ಸಲ್ಲುತ್ತದೆ. ನಿಮ್ಮದು ಬಿಪಿಎಲ್ ಕಾರ್ಡಾಗಿದ್ದರೆ ರಾಜ್ಯ ಸರ್ಕಾರದ ₹1 ಲಕ್ಷಕ್ಕೂ ಅರ್ಜಿ ಹಾಕಿ. ತಾಯಿಯವರ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ಎಂದು ಮೊದಲೇ ನೋಡಿಕೊಳ್ಳಿ. ಕಚೇರಿಯಲ್ಲಿ ಮತ್ತೆ ಬಾಯಿಮಾತಿನಲ್ಲಿ ಇಲ್ಲವೆಂದರೆ, ಅದನ್ನೇ ಬರವಣಿಗೆಯಲ್ಲಿ ಕೊಡಿ ಎಂದು ಸೌಜನ್ಯದಿಂದ, ಆದರೆ ಗಟ್ಟಿಯಾಗಿ ಕೇಳಿ.

ಪ್ರಶ್ನೆ: ಮಗ ಹತ್ತನೆಯ ತರಗತಿಯಲ್ಲಿದ್ದಾನೆ. ಅವನಿಗೆ ಕೋವಿಡ್ ಲಸಿಕೆ ಯಾವಾಗ?

2007ರಲ್ಲಿ ಅಥವಾ ಅದಕ್ಕೂ ಮೊದಲು ಹುಟ್ಟಿದ್ದರೆ 2022ರ ಜನವರಿ 3ರ ಸೋಮವಾರದಿಂದ ಕೋವ್ಯಾಕ್ಸಿನ್ ಹಾಕಿಸಬಹುದು. ಲಸಿಕೆಯ ಜಾಲತಾಣವಾದ ಕೋವಿನ್‌ನಲ್ಲಿ ನೋಂದಣಿ ಜನವರಿ 1ರಿಂದ ಶುರುವಾಗುತ್ತದೆ. ಆಧಾರ್ ಇಲ್ಲದಿದ್ದರೆ ಶಾಲೆಯ ಗುರುತಿನ ಚೀಟಿ ನಡೆಯುತ್ತದೆ. ಮನೆಯಲ್ಲಿ ಅರವತ್ತು ದಾಟಿದ, ಸಕ್ಕರೆ ಕಾಯಿಲೆಯೋ ರಕ್ತದೊತ್ತಡವೋ ಇರುವ ಹಿರಿಯರಿದ್ದರೆ, ಅವರ ಮುನ್ನೆಚ್ಚರಿಕೆ (ಮೂರನೆಯ) ಡೋಸ್ 2022ರ ಜನವರಿ 10ರಿಂದ ಆರಂಭವಾಗುತ್ತದೆ.